ಮೇಲಿನ ಫೋಲ್ಡರಿನಲ್ಲಿದ್ದ ಹಳೆಯ ಫೈಲು

ಧಾರವಾಡದ ಆ ಆಸ್ಪತ್ರೆಯ ಲ್ಯಾಬಿನ ಹಿಂದೆ ಒಂದು ಕೋಣೆಯಿದೆ. ಮೊದಲು ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆ ಅದು. ಗೋಡೆಗೆ ಆಗ ಬಳಿದ ಕಪ್ಪು ಬಣ್ಣ ಈಗಲೂ ಹಾಗೇ ಇದೆ. ಕಿಟಕಿಯಿಲ್ಲ. ಫಿಲ್ಮಿನ ಕಾಲ ಮುಗಿದ ಮೇಲೆ ಅಲ್ಲಿ ಕಂಪ್ಯೂಟರ್ ಇಟ್ಟು, ಎಸಿ ಹಾಕಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿದ್ದರು. ಆದರೆ ಬಾಗಿಲಿನ ಒಳಗಿನ ಹಿಡಿಕೆ ಯಾವಾಗಲೋ ಕಿತ್ತುಹೋಗಿತ್ತು. ಒಳಗೆ ಹೋದವರು ಹೊರಗೆ ಬರಬೇಕೆಂದರೆ ಬಾಗಿಲು ಬಡಿಯಬೇಕು, ಲ್ಯಾಬಿನವರು ಯಾರಾದರೂ ಕೈಗವಸು ಬಿಚ್ಚಿ ಬಂದು ತೆರೆಯಬೇಕು. ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಆ ಕೋಣೆಯಲ್ಲಿ ನಾನು ಒಂಬತ್ತು ದಿನ ಕಳೆದೆ.

ನಾನು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ. ಕೆಳಗೆ ಪರದೆ ಬಟ್ಟೆಯ ಅಂಗಡಿ, ಮೇಲೆ ನಾವು ಆರು ಜನ. ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಯಂತ್ರಗಳಿಂದ ಅಂಕಿಗಳನ್ನು ತೆಗೆದುಕೊಂಡು, ವಾರ್ಡಿನಲ್ಲಿ ಕೂತ ನರ್ಸುಗಳ ಕಂಪ್ಯೂಟರಿನಲ್ಲಿ ರಿಪೋರ್ಟಾಗಿ ತೋರಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ. ಅದನ್ನು ಮೊದಲು ಬರೆದವರು ಬಿಟ್ಟುಹೋಗಿ ಐದು ವರ್ಷವಾಗಿತ್ತು. ಆಮೇಲೆ ಅದರ ಒಳಹೊರಗು ಗೊತ್ತಿದ್ದವಳು ನಾನೊಬ್ಬಳೇ. ಹೆಮ್ಮೆಗೆ ಹೇಳುತ್ತಿಲ್ಲ. ಎರಡು ಸಲ ಬೇರೆ ಕಡೆ ಕೆಲಸ ಸಿಕ್ಕಿತ್ತು. ಎರಡು ಸಲವೂ ಕಂಪನಿ ನಡೆಸುವ ಸಾಹೇಬರು, "ನೀವು ಹೋದ್ರ ಇದನ್ನ ಯಾರ್ ನೋಡ್ತಾರ್ರಿ? ಪೇಷಂಟ್ ಜೀವದ ಪ್ರಶ್ನೆ ಐತಿ" ಎಂದಿದ್ದರು. ನಾನು ಉಳಿದುಕೊಂಡಿದ್ದೆ.

ಒಂದು ಸೋಮವಾರ ಆ ಆಸ್ಪತ್ರೆಯಲ್ಲಿ ಸೋಡಿಯಂ, ಪೊಟ್ಯಾಷಿಯಂ ನೋಡುವ ಯಂತ್ರಕ್ಕೆ ಅದರ ಕಂಪನಿಯವರು ಹೊಸ ಅಪ್‌ಡೇಟ್ ಹಾಕಿದರು. ಅಂದೇ ಮಧ್ಯಾಹ್ನದಿಂದ ಆ ಯಂತ್ರದ ಅಂಕಿಗಳು ವಾರ್ಡಿಗೆ ಹೋಗುವುದು ನಿಂತಿತು. ಉಳಿದ ಪರೀಕ್ಷೆಗಳೆಲ್ಲ ಸರಿಯಾಗಿ ಹೋಗುತ್ತಿದ್ದವು, ಇದೊಂದು ಮಾತ್ರ ಇಲ್ಲ. ಲ್ಯಾಬಿನವರು ಯಂತ್ರದ ಪರದೆ ನೋಡಿ ಚೀಟಿಯಲ್ಲಿ ಬರೆದು ಆಯಾಗಳ ಕೈಯಲ್ಲಿ ವಾರ್ಡಿಗೆ ಕಳಿಸತೊಡಗಿದರು. ಬುಧವಾರ ಬೆಳಿಗ್ಗೆ ಸಾಹೇಬರು ನನ್ನ ಟೇಬಲ್ಲಿಗೆ ಬಂದರು.

"ಧಾರವಾಡಕ್ಕ ಹೋಗ್ರಿ. ಅದು ಸರಿ ಆಗೂತನಕಾ ಅಲ್ಲೇ ಇರ್ರಿ. ಆಫೀಸಿಗೆ ಬರೂದು ಬ್ಯಾಡ."

"ನಮ್ಮ ಕಡೆ ಏನೂ ಬದಲಾಗಿಲ್ರಿ ಸರ್. ಅವರ ಅಪ್‌ಡೇಟ್ ಆದ ಮ್ಯಾಲೆ ಆಗೇದ."

"ಹೌದ್ರಿ, ನಾನೂ ಅದನ್ನ ಹೇಳೇನಿ ಅವರಿಗೆ. ನೀವು ಹೋಗಿ ಅದನ್ನ ತೋರಸ್ರಿ."

ನಾನು ಉಣಕಲ್ಲಿನಲ್ಲಿ ಅವ್ವನ ಜೊತೆ ಇರುತ್ತೇನೆ. ಧಾರವಾಡದ ಬಸ್ಸು ಮನೆಯ ಹತ್ತಿರವೇ ಸಿಗುತ್ತದೆ, ಅರ್ಧ ಗಂಟೆಯ ದಾರಿ. ಅಂದು ಬಸ್ಸಿನಲ್ಲಿ ಕೂತಾಗ ಸಂಜೆಯೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಆ ಕೋಣೆಯಲ್ಲಿ ನನಗಿಂತ ಮೊದಲೇ ಒಬ್ಬರು ಕೂತಿದ್ದರು. ಯಂತ್ರದ ಕಂಪನಿಯ ಸರ್ವಿಸ್ ಎಂಜಿನಿಯರ್. ಹಳೇ ಹುಬ್ಬಳ್ಳಿಯವರು, ನಲವತ್ತೈದರ ಆಸುಪಾಸು. ಅವರಪ್ಪ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರಂತೆ. ಇವರು ಅಲ್ಲೇ ಕೈ ಪಳಗಿಸಿಕೊಂಡು, ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಸೇರಿದ್ದರು. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು. ಯಂತ್ರದ ಪಂಪು, ಟ್ಯೂಬು, ವಾಲ್ವು ಬಿಚ್ಚಿ ಜೋಡಿಸುವುದರಲ್ಲಿ ಅವರಿಗೆ ಸಾಟಿಯಿಲ್ಲ. ಸಾಫ್ಟ್‌ವೇರ್ ಅವರದಲ್ಲ. ಅವರ ಕಂಪನಿಯ ಸಾಫ್ಟ್‌ವೇರ್ ಜನ ದೂರದ ಊರಿನಲ್ಲಿ ಕೂತು ಫೋನಿನಲ್ಲಿ ಹೇಳುತ್ತಿದ್ದರು. ಭಾಯ್ ಬಾಗಿಲು ಬಡಿದು ಹೊರಗೆ ಹೋಗಿ, ವರಾಂಡದಲ್ಲಿ ನಿಂತು ಕೇಳಿಕೊಂಡು, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಒಳಗೆ ಬರುತ್ತಿದ್ದರು.

"ಮೇಡಮ್, ನೀವು ಬಂದ್ರಿ, ಭಾಳ ಛಲೋ ಆತು," ಎಂದರು. "ಈ ಎರರ್ ನನಗ ತಿಳಿಯವಲ್ದು. ನಮ್ಮವರು, ತಪ್ಪು ನಿಮ್ಮ ಸರ್ವರಿನ್ಯಾಗ ಐತಿ ಅಂತಾರ. ನಿಮ್ಮ ಸಾಹೇಬ್ರು, ನಮ್ಮ ಅಪ್‌ಡೇಟ್ ಸರಿ ಇಲ್ಲ ಅಂತಾರ. ನಡುವ ನಾ ಸಿಕ್ಕೊಂಡೇನಿ."

ಪರದೆಯ ಮೇಲಿನ ಎರರ್ ಓದಿದೆ. ಅವರ ಹೊಸ ಅಪ್‌ಡೇಟು ಅಂಕಿಗಳನ್ನು ಓದಲು ಒಂದು ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಫೈಲನ್ನು, ಬಳಸುತ್ತಿತ್ತು. ಅದರಲ್ಲಿರುವ ಒಂದು ಮೆಥಡ್ಡನ್ನು, ಎಂದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡನ್ನು, ಕರೆದಾಗ, ಅಂಥ ಮೆಥಡ್ಡೇ ಇಲ್ಲ ಎಂದು ಪ್ರೋಗ್ರಾಮು ನಡೆಸುವ ಜಾವಾ ಹೇಳುತ್ತಿತ್ತು. ಅವರ ಫೋಲ್ಡರಿನಲ್ಲಿದ್ದ ಲೈಬ್ರರಿಯನ್ನು ಬಿಚ್ಚಿ ನೋಡಿದೆ. ಮೆಥಡ್ ಅಲ್ಲೇ ಇತ್ತು, ಹೆಸರಿನ ಒಂದಕ್ಷರವೂ ತಪ್ಪಿರಲಿಲ್ಲ.

"ಇಲ್ಲೇ ಐತಲ್ರಿ!" ಎಂದರು ಭಾಯ್, ನನ್ನ ಹೆಗಲ ಮೇಲಿಂದ ಬಗ್ಗಿ.

ಇಂಥ ಎರರ್ ಬಂದರೆ ಕ್ಲಾಸ್ ಲೋಡರಿನ ಕಡೆ ನೋಡಬೇಕು ಎಂದು ನನಗೆ ಗೊತ್ತಿತ್ತು. ಜಾವಾದಲ್ಲಿ ಬರೆದ ಪ್ರೋಗ್ರಾಮು ಕ್ಲಾಸ್ ಎನ್ನುವ ಸಾವಿರಾರು ತುಣುಕುಗಳಾಗಿ ಫೈಲುಗಳಲ್ಲಿ ಇರುತ್ತದೆ. ಬೇಕಾದ ತುಣುಕನ್ನು ಬೇಕಾದಾಗ ಹುಡುಕಿ ತರುವ ಭಾಗವೇ ಕ್ಲಾಸ್ ಲೋಡರ್. ನಮ್ಮ ಪ್ರೋಗ್ರಾಮಿನ ಹೊಟ್ಟೆಯೊಳಗೇ ಒಂದು ಪುಟ್ಟ ವೆಬ್ ಸರ್ವರ್ ಇದೆ. ಅದರಲ್ಲಿ ಎರಡು ಭಾಗ: ನರ್ಸುಗಳು ನೋಡುವ ರಿಪೋರ್ಟ್ ಪುಟ ನಮ್ಮದು, ಯಂತ್ರದಿಂದ ಅಂಕಿ ಓದುವ ಭಾಗ ಯಂತ್ರದ ಕಂಪನಿಯದು. ಎರಡಕ್ಕೂ ಬೇರೆ ಬೇರೆ ಫೋಲ್ಡರು, ಬೇರೆ ಬೇರೆ ಲೋಡರು. ಇವೆರಡರ ಮೇಲೆ ಸರ್ವರಿನದೇ ಒಂದು ಫೋಲ್ಡರು. ನಮ್ಮ ಸರ್ವರನ್ನು ಹೇಗೆ ಹೊಂದಿಸಿದ್ದರೆಂದರೆ, ಯಾರು ಏನು ಕೇಳಿದರೂ ಮೊದಲು ಆ ಮೇಲಿನ ಫೋಲ್ಡರಿನಲ್ಲಿ ನೋಡುವುದು. ಅಲ್ಲಿ ಇಲ್ಲದಿದ್ದರೆ ಮಾತ್ರ ಕೇಳಿದವರ ಫೋಲ್ಡರಿಗೆ ಬರುವುದು. ಹೆಸರು ಹೊಂದಿದರೆ ಸಾಕು, ಅದು ಹಳೆಯದೋ ಹೊಸದೋ ಎಂದು ನೋಡುವುದಿಲ್ಲ. ಅದಕ್ಕೇ ಮೇಲಿನ ಫೋಲ್ಡರು ಖಾಲಿ ಇರಬೇಕು ಎಂದು ನಿಯಮ. ಆ ನಿಯಮವನ್ನು ನಮ್ಮ ಕಾಗದಪತ್ರದಲ್ಲಿ ಬರೆದವಳು ನಾನೇ. ಹಾಗಾಗಿ ಅದು ಖಾಲಿ ಇದೆ ಎಂದೇ ನಂಬಿದ್ದೆ. ಅದನ್ನು ತೆರೆದು ನೋಡಲು ಒಂದು ಕ್ಷಣ ಸಾಕಿತ್ತು. ಎಂಟು ದಿನ ನಾನು ನೋಡಲಿಲ್ಲ.

ಅವರ ಫೋಲ್ಡರಿನಲ್ಲಿ ತಪ್ಪು ಹುಡುಕುತ್ತ ಕೂತೆ. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಅಪ್‌ಡೇಟ್ ಹಾಕಿಸಿ ನೋಡಿದರೆ ಎಲ್ಲ ಸರಿ. ಅವರ ಕಂಪನಿಯಲ್ಲೂ ಸರಿ. ಇಲ್ಲಿ ಮಾತ್ರ ಇಲ್ಲ. ಇಲ್ಲಿಯ ಕಂಪ್ಯೂಟರನ್ನು ಹೊರಗೆ ಒಯ್ಯುವ ಹಾಗಿಲ್ಲ, ರೋಗಿಗಳ ಮಾಹಿತಿ ಇದೆ. ಇಂಟರ್ನೆಟ್ ಕೊಡುವ ಹಾಗಿಲ್ಲ, ಅದೇ ಕಾರಣ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಉಳಿದ ಪರೀಕ್ಷೆಗಳೂ ನಿಲ್ಲುತ್ತವೆ. ಆದ್ದರಿಂದ ದಿನಕ್ಕೆ ಎರಡೇ ಸಲ, ಮಧ್ಯಾಹ್ನ ಒಂದಕ್ಕೆ ಮತ್ತು ಸಂಜೆ ಐದಕ್ಕೆ, ಹತ್ತು ಹತ್ತು ನಿಮಿಷ ಮಾತ್ರ ಅನುಮತಿ. ಒಂದು ಊಹೆ ಸರಿಯೋ ತಪ್ಪೋ ತಿಳಿಯಲು ಅರ್ಧ ದಿನ ಕಾಯಬೇಕು. ಒಂದಕ್ಕೆ ಪ್ರಯತ್ನಿಸುತ್ತಿದ್ದೆ. ಅದೇ ಎರರ್. ಐದರವರೆಗೆ ಕಪ್ಪು ಗೋಡೆ ನೋಡುತ್ತ ಮತ್ತೊಂದು ಊಹೆ ಮಾಡುತ್ತಿದ್ದೆ. ಅದೇ ಎರರ್.

ಎಸಿಯ ಗಾಳಿ ನೇರ ಕುತ್ತಿಗೆಗೆ ಬಡಿಯುತ್ತಿತ್ತು. ಅವ್ವನ ಶಾಲು ಹೊದ್ದು ಕೂರುತ್ತಿದ್ದೆ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ, ಪ್ರತಿ ಸಲ ಬಾಗಿಲು ಬಡಿದು ಯಾರನ್ನೋ ಕೆಲಸ ಬಿಡಿಸಬೇಕಲ್ಲ ಎಂಬ ಸಂಕೋಚಕ್ಕೆ. ಒಮ್ಮೆ ಮಧ್ಯಾಹ್ನ ಲ್ಯಾಬಿನಲ್ಲಿ ಗದ್ದಲವಿದ್ದಾಗ ನಾನು ಬಡಿದದ್ದು ಯಾರಿಗೂ ಕೇಳಲಿಲ್ಲ. ಅಂಗೈ ಕೆಂಪಾಗುವವರೆಗೆ ಬಡಿದೆ. ಕೊನೆಗೆ ಬಾಗಿಲಿಗೆ ಹಣೆಯಿಟ್ಟು ನಿಂತುಬಿಟ್ಟೆ. ತೆರೆದಾಗ ಮುಗ್ಗರಿಸಿ ಹೊರಗೆ ಬಿದ್ದವಳನ್ನು ಹಿಡಿದುಕೊಂಡವರು ಲ್ಯಾಬಿನ ಮುಖ್ಯಸ್ಥೆ.

ಅವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಮಾಳಮಡ್ಡಿಯಿಂದ ನಡೆದೇ ಬರುವವರು, ನಿವೃತ್ತಿಗೆ ಎರಡು ವರ್ಷ ಇತ್ತು. ಹಣೆಯ ಮೇಲೆ ವಿಭೂತಿ, ಬಿಳಿ ಕೋಟಿನ ಜೇಬಿನಲ್ಲಿ ಮೂರು ಪೆನ್ನು. ಕೈಬರಹ ಅಚ್ಚುಹಾಕಿದಂತೆ ದುಂಡಗೆ. ಆ ದಿನಗಳಲ್ಲಿ ಸೋಡಿಯಂ, ಪೊಟ್ಯಾಷಿಯಂ ಚೀಟಿಗಳನ್ನು ಬೇರೆ ಯಾರಿಗೂ ಬರೆಯಲು ಬಿಡುತ್ತಿರಲಿಲ್ಲ, ತಾವೇ ಬರೆಯುತ್ತಿದ್ದರು. ದಿನಕ್ಕೆ ಎಂಬತ್ತು, ತೊಂಬತ್ತು ಚೀಟಿ.

"ಇನ್ನೂ ಎಷ್ಟು ದಿನಾ ತಂಗೀ?" ಎಂದು ದಿನವೂ ಕೇಳುತ್ತಿದ್ದರು. ಬೈಗುಳವಿರಲಿಲ್ಲ, ಬೆರಳು ಒತ್ತಿಕೊಳ್ಳುತ್ತ ಕೇಳುತ್ತಿದ್ದರು.

"ನಾಳೆ ಆಗತೈತ್ರಿ ಅಕ್ಕಾರ," ಎಂದು ನಾನು ದಿನವೂ ಹೇಳುತ್ತಿದ್ದೆ.

ನಾನು ಹೋದ ಎಂಟನೆಯ ದಿನ, ಬುಧವಾರ, ಚಹಾ ಕುಡಿಯಲೆಂದು ಹೊರಗೆ ಬಂದಿದ್ದೆ. ಅಕ್ಕಾರ ಟೇಬಲ್ಲಿನ ಫೋನು ರಿಂಗಾಯಿತು. ಅವರು ಕೈಯಲ್ಲಿ ಟ್ಯೂಬು ಹಿಡಿದಿದ್ದರಿಂದ ಸ್ಪೀಕರಿಗೆ ಹಾಕಿದರು. ವಾರ್ಡಿನ ನರ್ಸು.

"ಅಕ್ಕಾರ, ಆ ಎಂಟು ಪಾಯಿಂಟ್ ಎರಡು ಪೊಟ್ಯಾಷಿಯಂ ಬಂದಿತ್ತಲ್ರಿ, ಅವರದು ಔಷಧ ಕೊಟ್ಟ ಮ್ಯಾಲೆ ಇನ್ನೊಮ್ಮೆ ರಕ್ತ ಕಳಸಬೇಕೇನ್ರಿ?"

"ಎಂಟು? ಯಾರ್ದು ಎಂಟು?"

"ಹೊಟ್ಟಿ ಆಪರೇಷನ್ ಆದ ಟೀಚರ್ ಬಾಯಾರದು. ಡಾಕ್ಟ್ರು ಪೊಟ್ಯಾಷಿಯಂ ಇಳಿಸಾಕ ಇಂಜೆಕ್ಷನ್ ತಯಾರ್ ಮಾಡಾಕ ಹೇಳ್ಯಾರ್ರಿ."

ಅಕ್ಕಾರು ಟ್ಯೂಬನ್ನು ಎಲ್ಲಿ ಇಟ್ಟರೋ ಗೊತ್ತಿಲ್ಲ. "ಮೂರ್ ಅದ ಅದು! ಮೂರ್ ಪಾಯಿಂಟ್ ಎರಡು! ಕೊಡಬ್ಯಾಡ್ರಿ!" ಎಂದು ಕೂಗಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದರು. ಅವರ ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಪೊಟ್ಯಾಷಿಯಂ ಮೊದಲೇ ಕಡಿಮೆ ಇದ್ದವರಿಗೆ ಅದನ್ನು ಇನ್ನೂ ಇಳಿಸುವ ಔಷಧ ಹೋದರೆ ಎದೆಬಡಿತವೇ ತಪ್ಪಬಹುದು ಎಂದು ಆಮೇಲೆ ಭಾಯ್ ಹೇಳಿದರು. ಆಗ ನನಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಅಕ್ಕಾರ ಮುಖ ನೋಡಿಯೇ ತಿಳಿದಿತ್ತು.

ಔಷಧ ಕೊಟ್ಟಿರಲಿಲ್ಲ. ಸಿರಿಂಜಿನಲ್ಲಿ ತುಂಬಿ ಆಗಿತ್ತಂತೆ. ಅಕ್ಕಾರು ಕೆಳಗೆ ಬಂದು ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಆ ಚೀಟಿ ಇತ್ತು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವಸರದಲ್ಲಿ ಬರೆದ ಮೂರು, ಎರಡೂ ತುದಿ ಒಳಗೆ ಸುತ್ತಿಕೊಂಡು ಎಂಟಿನ ಹಾಗೆಯೇ ಕಾಣುತ್ತಿತ್ತು.

"ನಂದ ಅಕ್ಷರ," ಎಂದರು. ಭಾಯ್ ಅವರ ಚಪ್ಪಲಿ ತಂದು ಕಾಲ ಬಳಿ ಇಟ್ಟರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮುಖ್ಯ ವೈದ್ಯರು ಎಲ್ಲರನ್ನೂ ಕರೆದರು. ಹುಬ್ಬಳ್ಳಿಯಿಂದ ನಮ್ಮ ಸಾಹೇಬರೂ ಬಂದಿದ್ದರು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಯಾರ ತಪ್ಪು?"

ಸಾಹೇಬರು ತಡಮಾಡಲಿಲ್ಲ. "ನಮ್ಮ ಕಡೆ ಏನೂ ಇಲ್ರಿ ಸರ್. ನಮ್ಮ ಪ್ರೋಗ್ರಾಮು ವರ್ಷಗಟ್ಟಲೆ ಸರಿ ನಡದೈತಿ. ಇವರು ಅಪ್‌ಡೇಟ್ ಹಾಕಿದ ದಿನದಿಂದ ಹಿಂಗಾಗೇದ. ಬೇಕಾದ್ರ ನಮ್ಮ ಮೇಡಮ್ಮಾರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ಅದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ. ಭಾಯ್ ನಿಂತೇ ಇದ್ದರು, ಅವರಿಗೆ ಕೂರಲು ಯಾರೂ ಹೇಳಿರಲಿಲ್ಲ. ವೈದ್ಯರು ಅವರಿಗೆ ಏನೇನು ಅಂದರೋ ಇಲ್ಲಿ ಬರೆಯಲಾರೆ. ಅವರು ಬೆನ್ನ ಹಿಂದೆ ಕೈ ಕಟ್ಟಿಕೊಂಡು, "ಹೌದ್ರಿ ಸರ್... ಆತ್ರಿ ಸರ್" ಎನ್ನುತ್ತಿದ್ದರು. ಹಿಂದೆ ಕೂತಿದ್ದ ನನಗೆ ಅವರ ಅಂಗೈ ಮೇಲಿನ ಪೆನ್ನಿನ ಗೀಟುಗಳು ಕಾಣುತ್ತಿದ್ದವು.

ಅಂದು ಮಧ್ಯಾಹ್ನ ಒಂದರ ಹೊತ್ತಿಗೆ ನನ್ನ ಊಹೆಗಳೆಲ್ಲ ಮುಗಿದಿದ್ದವು. ಸರ್ವರ್ ಶುರುವಾಗುವಾಗ ಯಾವ ಕ್ಲಾಸನ್ನು ಯಾವ ಫೈಲಿನಿಂದ ತರುತ್ತಿದೆ ಎಂದು ಒಂದೊಂದನ್ನೂ ಬರೆದಿಡುವಂತೆ ಮಾಡಿ ಶುರು ಮಾಡಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಸಾವಿರಾರು ಸಾಲು ಓದಬೇಕಾಗುತ್ತದೆ ಎಂದು ಮುಂದೆ ಹಾಕುತ್ತಲೇ ಬಂದಿದ್ದೆ. ಭಾಯ್ ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿ ಒಬ್ಬಳೇ ಇದ್ದೆ. ಆ ಲೈಬ್ರರಿಯ ಹೆಸರು ಹುಡುಕಿದೆ. ಸಿಕ್ಕಿತು. ಸಾಲಿನ ಕೊನೆಗೆ ಫೈಲಿನ ದಾರಿ ಇತ್ತು. ಅದು ಅವರ ಫೋಲ್ಡರಿನದಲ್ಲ. ಮೇಲಿನ ಫೋಲ್ಡರಿನದು.

ಆ ಫೋಲ್ಡರನ್ನು ತೆರೆದೆ. ಒಂದೇ ಒಂದು ಫೈಲು ಇತ್ತು, ಅದೇ ಲೈಬ್ರರಿ, ಹಳೆಯ ಆವೃತ್ತಿ. ಅದರಲ್ಲಿ ಆ ಮೆಥಡ್ ಇಲ್ಲ, ಹೊಸ ಅಪ್‌ಡೇಟ್ ಬರುವವರೆಗೆ ಯಾರಿಗೂ ಅದು ಬೇಕಾಗಿರಲಿಲ್ಲ. ಅವರ ಹೊಸ ಫೈಲು ಕೆಳಗೆ ಸುಮ್ಮನೆ ಕೂತಿತ್ತು, ಯಾರೂ ಅದರ ಹತ್ತಿರ ಹೋಗುತ್ತಲೇ ಇರಲಿಲ್ಲ. ಫೈಲಿನ ಪಕ್ಕದಲ್ಲಿ ಅದನ್ನು ಹಾಕಿದವರ ಹೆಸರು ಇರುತ್ತದೆ. ನನ್ನ ಲಾಗಿನ್ ಹೆಸರು ಇತ್ತು.

ತಾರೀಖು ನೋಡಿದೆ. ಎರಡು ವರ್ಷದ ಹಿಂದಿನದು. ಸ್ವಲ್ಪ ಹೊತ್ತಿಗೆ ನೆನಪಾಯಿತು. ಅಂದು ಅವ್ವನ ಕಣ್ಣಿನ ಆಪರೇಷನ್ ಆಗಿತ್ತು, ನಾಲ್ಕಕ್ಕೆ ಹೋಗಿ ಅವಳನ್ನು ಮನೆಗೆ ಕರೆದುಕೊಂಡು ಬರಬೇಕಿತ್ತು. ಮೂರಕ್ಕೆ ಇಲ್ಲಿ ನಮ್ಮ ರಿಪೋರ್ಟ್ ಪುಟ ತೆರೆಯುತ್ತಿಲ್ಲ ಎಂದು ಫೋನು. ಓಡಿ ಬಂದು ಏನೇನೋ ಮಾಡಿದ್ದೆ. ಕೊನೆಗೆ ಈ ಫೈಲಿನ ಒಂದು ಪ್ರತಿಯನ್ನು ಮೇಲಿನ ಫೋಲ್ಡರಿಗೂ ಹಾಕಿ ಮತ್ತೆ ಶುರು ಮಾಡಿದಾಗ ಪುಟ ತೆರೆದಿತ್ತು. ಅದರಿಂದಲೇ ತೆರೆಯಿತೋ, ಸುಮ್ಮನೆ ಮತ್ತೆ ಶುರು ಮಾಡಿದ್ದಕ್ಕೆ ತೆರೆಯಿತೋ ನೋಡಲಿಲ್ಲ. ನಾಳೆ ತೆಗೆದರಾಯಿತು ಎಂದುಕೊಂಡು ಬಸ್ಸಿಗೆ ಓಡಿದ್ದೆ. ಎಲ್ಲೂ ಬರೆದಿಡಲಿಲ್ಲ. ಆ ನಾಳೆ ಬಂದಿರಲಿಲ್ಲ.

ಹತ್ತು ನಿಮಿಷದ ಅನುಮತಿಯಲ್ಲಿ ಇನ್ನೂ ಆರು ನಿಮಿಷ ಇತ್ತು. ಫೈಲನ್ನು ಅಲ್ಲಿಂದ ತೆಗೆದೆ. ಸರ್ವರ್ ಶುರು ಮಾಡಿದೆ. ಎರರ್ ಬರಲಿಲ್ಲ. ಪೊಟ್ಯಾಷಿಯಂ ಅಂಕಿಗಳು ಒಂದರ ಕೆಳಗೊಂದು ಬರತೊಡಗಿದವು. ನಮ್ಮ ಪುಟವೂ ಏನೂ ಆಗದೆ ತೆರೆಯಿತು. ಅಂದರೆ ಎರಡು ವರ್ಷದ ಹಿಂದೆಯೂ ಆ ಫೈಲು ಅಲ್ಲಿ ಬೇಕಿರಲಿಲ್ಲ.

ಎದ್ದು ಬಾಗಿಲ ಹತ್ತಿರ ಹೋದೆ. ಬಡಿಯಲು ಕೈಯೆತ್ತಿದವಳು ಬಡಿಯಲಿಲ್ಲ. ಹೊರಗೆ ಹೋದರೆ ಮೊದಲ ಪ್ರಶ್ನೆ, ಏನಾಗಿತ್ತು ಎಂದು. ಒಂಬತ್ತು ದಿನ ಯಾವ ಕೋಣೆಯಿಂದ ಹೊರಗೆ ಹೋಗಲು ಹಂಬಲಿಸಿದ್ದೆನೋ ಅದೇ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರುವಂತಾದರೆ ಸಾಕು ಅನ್ನಿಸಿತು. ಕೂತುಕೊಂಡೆ. ಎಷ್ಟು ಹೊತ್ತು ಕೂತೆನೋ, ಹೊರಗಿನಿಂದ ಬಾಗಿಲು ತೆರೆಯಿತು. ಭಾಯ್ ಊಟ ಮುಗಿಸಿ ಬಂದಿದ್ದರು. ಪರದೆ ನೋಡಿದರು.

"ಬಂತಲ್ರೀ! ಮೇಡಮ್, ಬಂತಲ್ರೀ! ಏನ್ ಮಾಡಿದ್ರಿ?"

"ಒಂದ್ ಫೈಲ್ ಅಡ್ಡ ಇತ್ರಿ. ತಗದೆ."

ಅಷ್ಟೇ ಹೇಳಿದೆ. ಯಾರ ಫೈಲು ಎಂದು ಅವರು ಕೇಳಲಿಲ್ಲ. ತಮ್ಮ ಅಪ್‌ಡೇಟಿನ ಜೊತೆಗೇ ಬಂದದ್ದು ಎಂದುಕೊಂಡರು. ನೇರ ಅಕ್ಕಾರ ಹತ್ತಿರ ಹೋಗಿ, "ಅಕ್ಕಾರ, ನಮ್ಮದ ಒಂದ್ ಫೈಲ್ ಅಡ್ಡ ಬಂದಿತ್ತಂತ್ರಿ. ಮಾಫ್ ಮಾಡ್ರಿ," ಎಂದು ಕೈಮುಗಿದರು. ನಾನು ಅವರ ಹಿಂದೆಯೇ ನಿಂತಿದ್ದೆ. ಬಾಯಿ ತೆರೆದಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ತೆರೆಯಲಿಲ್ಲ. ಅಕ್ಕಾರು ಪೆನ್ನು ಜೇಬಿಗೆ ಹಾಕಿ, "ಆತಲ್ಲ, ಬಿಡ್ರಿ," ಎಂದರು.

ಶುಕ್ರವಾರ ಆಫೀಸಿಗೆ ಹೋದಾಗ ಸಾಹೇಬರು ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ಟು ತರಿಸಿದ್ದರು. ನನ್ನನ್ನು ಹೊಗಳಿ ಮಾತಾಡಿದರು. ಆಮೇಲೆ ಒಳಗೆ ಕರೆದರು.

"ಆಸ್ಪತ್ರಿಯವರು ಒಂದ್ ಪತ್ರ ಕೇಳ್ಯಾರ. ಏನಾಗಿತ್ತು, ಯಾರಿಂದ ಆತು ಅಂತ. ನೀವ ಬರದು ಸಹಿ ಮಾಡ್ರಿ. ಅವರ ಅಪ್‌ಡೇಟಿಂದ ಅಂತ ಸ್ಪಷ್ಟ ಇರಲಿ. ಆ ಎಂಜಿನಿಯರನ್ನ ಇನ್ನ ಒಳಗ ಬಿಡೂದಿಲ್ಲಂತ, ಗೇಟಿಗೆ ಹೇಳ್ಯಾರ."

"ಅವರದಷ್ಟ ಅಲ್ರಿ ಸರ್, ನಮ್ಮ ಫೋಲ್ಡರಿನ್ಯಾಗ..." ಎಂದೆ.

ಅವರು ಕೈ ಅಡ್ಡ ಹಿಡಿದರು. "ಫೋಲ್ಡರ್ ಗೀಲ್ಡರ್ ನನಗ ಹೇಳಬ್ಯಾಡ್ರಿ. ಅಪ್‌ಡೇಟ್ ಹಾಕದಿದ್ರ ಆಗ್ತಿತ್ತೇನು?"

ಆಗುತ್ತಿರಲಿಲ್ಲ. ಅದು ನಿಜ. ಆ ನಿಜವನ್ನು ಹಿಡಿದುಕೊಂಡೇ ಎರಡು ದಿನ ಪತ್ರ ಬರೆಯಲು ನೋಡಿದೆ. 'ಅಪ್‌ಡೇಟಿನ ನಂತರ ಕಂಡುಬಂದ ತೊಂದರೆ' ಎಂದು ಬರೆದೆ. ಒಂದು ಸುಳ್ಳೂ ಇಲ್ಲದ ವಾಕ್ಯ, ಓದಿದವರಿಗೆ ಮಾತ್ರ ಸುಳ್ಳೇ ತಿಳಿಯುತ್ತದೆ. ಅಳಿಸಿದೆ. ಮತ್ತೆ ಅದನ್ನೇ ಬರೆದೆ. ಭಾನುವಾರ ಅವ್ವ ರೊಟ್ಟಿ ಬಡಿಯುತ್ತ, "ಯಾಕ ಸುಮ್ಮಕ ಕುಂತೀ? ಆ ಕೆಲಸ ಮುಗೀತಲ್ಲ?" ಎಂದಳು. ಮುಗಿದಿದೆ ಎಂದೆ. ಅವಳ ಆಪರೇಷನ್ನಿನ ದಿನದ ಕತೆ ಅವಳಿಗೆ ಹೇಳಲಾಗಲಿಲ್ಲ. ಹೇಳಿದರೆ, ನನ್ನ ಸಲುವಾಗಿ ಹಿಂಗಾತು ಎಂದು ಅವಳು ಕೊರಗುತ್ತಾಳೆ.

ಸೋಮವಾರ ಆಫೀಸಿಗೆ ಹೋಗುವ ಬದಲು ಧಾರವಾಡದ ಬಸ್ಸು ಹತ್ತಿದೆ. ಲ್ಯಾಬಿನಲ್ಲಿ ಅಕ್ಕಾರು ಒಬ್ಬರೇ ಇರುವ ಸಮಯ ನೋಡಿ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಎರಡು ವರ್ಷದ ಹಿಂದಿನ ಮಧ್ಯಾಹ್ನ, ಆ ಫೈಲು, ಭಾಯ್ ಕೈಮುಗಿದಾಗ ನಾನು ಸುಮ್ಮನಿದ್ದದ್ದು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಟೀಚರ್ ಬಾಯಾರದು ನನ್ನಿಂದ ಆಗಿದ್ರಿ ಅಕ್ಕಾರ," ಎಂದೆ.

"ಅದನ್ನ ನೀ ತಗೋಬ್ಯಾಡ," ಎಂದರು ತಟ್ಟನೆ. "ಮೂರು ಎಂಟಾಗಿ ಕಂಡಿದ್ದು ನನ್ನ ಕೈಲೆ. ಅದು ನಂದು. ನಿಂದು ಯಾವುದು ಐತಿ, ಅದನ್ನ ನೀ ತಗೋ."

"ಅದಕ್ಕ ಬಂದೇನ್ರಿ, ನಿಮಗ ಹೇಳಾಕ."

"ನನಗ ಹೇಳಿದ್ರ ಏನ್ ಬಂತು ತಂಗೀ? ಎಲ್ಲಾರ ಮುಂದ ನಿಂತು ಬೈಸಿಕೊಂಡಾಂವ ನಾ ಅಲ್ಲ."

ಭಾಯ್ ಅಂದು ಹುಬ್ಬಳ್ಳಿಯ ಇನ್ನೊಂದು ಆಸ್ಪತ್ರೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದರು. ಫೋನು ಮಾಡಿ ಎಲ್ಲಿದ್ದಾರೆಂದು ಕೇಳಿಕೊಂಡು ಹೋದೆ. ಯಂತ್ರದ ಹಿಂದಿನ ತಗಡು ಬಿಚ್ಚಿ ನೆಲದ ಮೇಲೆ ಕೂತಿದ್ದರು. ನಾನೂ ಪಕ್ಕದಲ್ಲಿ ನೆಲಕ್ಕೇ ಕೂತು ಹೇಳಿದೆ. ಅವರು ಸ್ಕ್ರೂಡ್ರೈವರ್ ನಿಲ್ಲಿಸದೆ ಕೇಳುತ್ತಿದ್ದರು. ಫೈಲಿನ ಪಕ್ಕ ನನ್ನ ಹೆಸರಿತ್ತು ಎಂದಾಗ ನಿಲ್ಲಿಸಿದರು.

"ಅಂದ್ರ ಗುರುವಾರ ಮಧ್ಯಾಹ್ನನ ನಿಮಗ ಗೊತ್ತಿತ್ತು."

"ಹೌದ್ರಿ."

"ನಾ ಅಕ್ಕಾರಿಗೆ ಕೈಮುಗದಾಗ?"

"ಗೊತ್ತಿತ್ರಿ."

ಅವರು ಬಿಚ್ಚಿದ ಸ್ಕ್ರೂಗಳನ್ನು ಒಂದು ಮುಚ್ಚಳದಲ್ಲಿ ಒಟ್ಟುಮಾಡಿದರು. ಸಿಟ್ಟು ಬಂದಾಗ ಕೂಗಾಡುವ ಮನುಷ್ಯನಲ್ಲ ಎಂದು ಗೊತ್ತಿತ್ತು, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹದಿನಾರು ವರ್ಷ ಆತ್ರಿ ಮೇಡಮ್ ನಾ ಆ ಆಸ್ಪತ್ರಿಗೆ ಹೋಗಾಕತ್ತಿ. ಮೊನ್ನೆ ಗೇಟಿನ್ಯಾಗ ವಾಚ್‌ಮನ್ ತಡದಾ. ದಿನಾ ಸಲಾಮ್ ಮಾಡಾಂವ. ಅವಗೂ ನಾಚಿಕಿ, ನನಗೂ ನಾಚಿಕಿ. ಮನ್ಯಾಗ ಹೇಳಿಲ್ಲ ಇನ್ನಾ." ಮುಚ್ಚಳವನ್ನು ಪಕ್ಕಕ್ಕೆ ಸರಿಸಿ ಅಂದರು, "ನನಗ ಹೇಳಿದ್ದು ಛಲೋ ಆತು. ಆದ್ರ ಬರದು ಕೊಡ್ರಿ. ಬಾಯಿ ಮಾತು ಗೇಟಿನ್ಯಾಗ ನಡಿಯಂಗಿಲ್ಲ."

ಅಲ್ಲೇ ವರಾಂಡದ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಬರೆದೆ. ಎರಡು ದಿನ ಆಗದ ಪತ್ರ ಕಾಲು ಗಂಟೆಯಲ್ಲಿ ಆಯಿತು. ಫೈಲು ಯಾವುದು, ಹಾಕಿದವರು ಯಾರು, ಯಾವಾಗ ಹಾಕಿದ್ದು, ಖಾಲಿ ಇರಬೇಕಾದ ಫೋಲ್ಡರು ಯಾಕೆ ಖಾಲಿ ಇರಲಿಲ್ಲ, ಅಪ್‌ಡೇಟ್ ಹಾಕಿದವರು ನಮ್ಮ ಕಾಗದದಲ್ಲಿ ಇದ್ದಂತೆಯೇ ಹಾಕಿದ್ದರು ಎಂಬುದು. ಮುಖ್ಯ ವೈದ್ಯರಿಗೆ ಕಳಿಸಿ, ಸಾಹೇಬರಿಗೂ ಒಂದು ಪ್ರತಿ ಕಳಿಸಿದೆ. ಹತ್ತು ನಿಮಿಷಕ್ಕೆ ಅವರ ಫೋನು ಬಂತು. ಎತ್ತಲಿಲ್ಲ. ಹೇಗೂ ಆಫೀಸಿಗೇ ಹೋಗಬೇಕಿತ್ತು.

ಸಾಹೇಬರು ಬಾಗಿಲು ಹಾಕಿಕೊಂಡು ಬೈದರು. ಕಂಪನಿಯ ಮಾನ ತೆಗೆದೆ ಎಂದರು. ಕೇಳದೆ ಪತ್ರ ಕಳಿಸಲು ನಾನ್ಯಾರು ಎಂದರು. ಎಲ್ಲ ಕೇಳಿಸಿಕೊಂಡು, ರಾಜೀನಾಮೆ ಬರೆದು ಟೇಬಲ್ ಮೇಲೆ ಇಟ್ಟೆ. ಅವರು ಅದನ್ನು ಓದಲಿಲ್ಲ, ನನ್ನ ಕಡೆಗೇ ತಳ್ಳಿದರು.

"ಇದೊಂದು ಕಮ್ಮಿ ಇತ್ತು. ಮೊದಲ ಆ ಸರ್ವರನ್ನ ಯಾರೂ ಕೆಡಸದಂಗ ಸರಿ ಮಾಡ್ರಿ. ಆಮ್ಯಾಲ ಹೋಗೂದು ನೋಡೂಣು."

ಹೋಗಲು ಬಿಡಲೂ ಇಲ್ಲ, ಎರಡು ತಿಂಗಳು ನೆಟ್ಟಗೆ ಮಾತಾಡಿಸಲೂ ಇಲ್ಲ. ಚಹಾ ಬಂದಾಗ ನನ್ನ ಟೇಬಲ್ ದಾಟಿ ಹೋಗುತ್ತಿದ್ದರು. ನಾನು ತಲೆ ತಗ್ಗಿಸಿ ಸರ್ವರನ್ನು ಬೇರೆ ರೀತಿ ಹೊಂದಿಸಿದೆ: ಪ್ರತಿ ಭಾಗವೂ ಮೊದಲು ತನ್ನ ಫೋಲ್ಡರಿನಲ್ಲಿ ನೋಡಬೇಕು, ಮೇಲಿನದರಲ್ಲಿ ಗೊತ್ತಿಲ್ಲದ ಫೈಲು ಕಂಡರೆ ಸರ್ವರು ಶುರುವಾಗುವುದಕ್ಕೇ ಒಪ್ಪಬಾರದು, ಯಾವ ಫೈಲು, ಯಾರು ಹಾಕಿದ್ದು ಎಂದು ಪರದೆಯ ಮೇಲೆ ದೊಡ್ಡದಾಗಿ ಬರೆಯಬೇಕು. ಹೀಗೆ ತಿರುಗಿಸಿದಾಗ ಬೇರೆ ಮೂರು ಕಡೆ ತೊಂದರೆಗಳು ಎದ್ದವು. ಒಂದೊಂದನ್ನೂ ಹಿಡಿದು ಸರಿಪಡಿಸಲು ಐದು ವಾರ ಬೇಕಾಯಿತು. ಪ್ರತಿಯೊಂದನ್ನೂ ಬರೆದಿಟ್ಟೆ.

ಆಸ್ಪತ್ರೆಯವರು ಗೇಟಿನಲ್ಲಿ ಭಾಯ್ ಮೇಲಿನ ತಡೆ ತೆಗೆದರು. ಆದರೆ ಯಾರೂ ಅವರನ್ನು ಕರೆದು ತಪ್ಪಾಯಿತು ಎನ್ನಲಿಲ್ಲ. ಅಕ್ಕಾರು ಮಾತ್ರ, ಅವರು ಮೊದಲ ಸಲ ಮತ್ತೆ ಬಂದ ದಿನ, ಕುರ್ಚಿ ಎಳೆದು ಕೂರಿಸಿ ಚಹಾ ಕೊಡಿಸಿದರಂತೆ.

ಕೆಲವು ತಿಂಗಳಿನ ಮೇಲೆ ಭಾಯ್ ಕಂಪನಿಯ ಇನ್ನೊಂದು ಅಪ್‌ಡೇಟ್ ಬಂತು. ಒಂದು ಬೆಳಿಗ್ಗೆ ಭಾಯ್ ಫೋನು ಮಾಡಿದರು. ಆರಾಮಿದ್ದೀರಾ ಎಂದು ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಮೇಡಮ್, ಹಾಕಾಕತ್ತೇನಿ. ನಿಮ್ಮ ಕಡೆ ಎಲ್ಲಾ ನೋಡೀರಿಲ್ಲೋ?"

"ನೋಡೇನ್ರಿ ಭಾಯ್. ಹಾಕ್ರಿ."

ಫೋನು ಕಟ್ ಮಾಡದೆ ವರಾಂಡದಲ್ಲಿ ಯಾರ ಕೈಯಲ್ಲೋ ಕೊಟ್ಟು ಒಳಗೆ ಹೋದರು. ಲ್ಯಾಬಿನ ಸದ್ದು ಕೇಳುತ್ತಿತ್ತು, ಯಾರೋ ಯಾರದೋ ಹೆಸರು ಕೂಗುತ್ತಿದ್ದರು. ಏಳೆಂಟು ನಿಮಿಷ ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ. ಆಮೇಲೆ ಅವರ ದನಿ ಬಂತು.

"ಬರಾಕತ್ತಾವ್ರಿ. ಸೋಡಿಯಂ ನೂರಾ ಮೂವತ್ತೆಂಟು. ಪೊಟ್ಯಾಷಿಯಂ ನಾಲ್ಕು ಪಾಯಿಂಟ್ ಒಂದು. ಯಂತ್ರದಾಗೂ ಅದ ಐತಿ, ವಾರ್ಡಿನ್ಯಾಗೂ ಅದ ಐತಿ."

"ಇನ್ನೊಂದ್ ಪೇಷಂಟಿಂದು ನೋಡ್ರಿ ಭಾಯ್," ಎಂದೆ.

ಅವರು ನೋಡಲು ಹೋದರು.